ಈಥೈಲ್ ಅಸಿಟೇಟ್: ಒಂದು ದ್ರಾವಕದ ಗುಣಾವಗುಣ

ಈಥೈಲ್ ಅಸಿಟೇಟ್ ಎಥನಾಲ್ ಮತ್ತು ಅಸಿಟಿಕ್ ಆಮ್ಲ ಕೂಡಿ ಆಗುವ ಎಸ್ಟರ್. ಬಣ್ಣವಿಲ್ಲದ, ಹಣ್ಣಿನ ವಾಸನೆಯ ಈ ದ್ರವ 77 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಅಂಟು, ನೇಲ್ ಪಾಲಿಶ್ ರಿಮೂವರ್, ಪ್ಯಾಕೆಟ್ ಮುದ್ರಣದ ಶಾಯಿ ಎಲ್ಲದರಲ್ಲೂ ಇದಿದೆ. ಆದರೆ ಇದರ ಯೋಗ್ಯತೆ ಸರಿಯಾಗಿ ಒರೆಗೆ ಹತ್ತುವುದು ಔಷಧ ಸಂಶೋಧನೆಯ ಲ್ಯಾಬುಗಳಲ್ಲಿ. ಹೈದರಾಬಾದಿನ ನಾಚಾರಂ ಕೈಗಾರಿಕಾ ಪ್ರದೇಶ ಅಂಥ ಕೆಲಸದ ಒಂದು ನೆಲೆ. ಹಿಂದೆ ಜಿವಿಕೆ ಬಯೋ ಎನಿಸಿದ್ದ ಅರಾಜೆನ್ ಕಂಪನಿ ಇರುವುದು ಇಲ್ಲೇ. ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆ ಇರುವ ತಾರ್ನಾಕಾ ಕೂಡ ದೂರವಿಲ್ಲ.

ಇಂಥ ಲ್ಯಾಬುಗಳಲ್ಲಿ ರಿಯಾಕ್ಷನ್ ಮುಗಿದ ಮೇಲೆ ಮಿಶ್ರಣಕ್ಕೆ ನೀರು, ಈಥೈಲ್ ಅಸಿಟೇಟ್ ಹಾಕಿ ಬೇರ್ಪಡಿಕೆ ಆಲಿಕೆಯಲ್ಲಿ ಕುಲುಕಿದರೆ ಎಸ್ಟರ್ ಮೇಲೆ ನಿಲ್ಲುತ್ತದೆ, ಲವಣಗಳು ಕೆಳಗಿನ ನೀರಿನಲ್ಲಿ ಉಳಿಯುತ್ತವೆ. ಮೇಲಿನ ಪದರ ಒಂದಿಷ್ಟು ನೀರನ್ನು ಹೀರಿಕೊಂಡಿರುವುದರಿಂದ ಅದನ್ನು ಉಪ್ಪುನೀರಿನಲ್ಲಿ ತೊಳೆದು, ಸೋಡಿಯಂ ಸಲ್ಫೇಟ್ ಹಾಕಿ ಒಣಗಿಸಬೇಕು. ಮುಂದೆ ಸಿಲಿಕಾ ಕಾಲಂನಲ್ಲಿ ಹೆಕ್ಸೇನ್ ಜೊತೆ ಇದರ ಪ್ರಮಾಣವನ್ನು ಸ್ವಲ್ಪಸ್ವಲ್ಪವೇ ಏರಿಸುತ್ತ ಹೋದರೆ ಸಂಯುಕ್ತಗಳು ಒಂದೊಂದಾಗಿ ಇಳಿಯುತ್ತವೆ.

ಇದೇ ಕೆಲಸಕ್ಕೆ ಡೈಕ್ಲೋರೋಮೀಥೇನ್ ಬಳಸುವ ರೂಢಿ ಹಳೆಯದು. ಅದನ್ನು ಕೈಬಿಟ್ಟು ಈಥೈಲ್ ಅಸಿಟೇಟ್ ಹಿಡಿಯುವುದು ಒಳ್ಳೆಯ ನಡೆಯೇ. ಔಷಧದಲ್ಲಿ ಉಳಿಯಬಹುದಾದ ಡೈಕ್ಲೋರೋಮೀಥೇನ್‌ಗೆ ಅಂತರರಾಷ್ಟ್ರೀಯ ಐಸಿಎಚ್ ಮಾರ್ಗಸೂಚಿಯ ಮಿತಿ 600 ಪಿಪಿಎಂ. ಈಥೈಲ್ ಅಸಿಟೇಟ್‌ಗೆ 5000 ಪಿಪಿಎಂ. ಅಲ್ಲದೆ, ಡೈಕ್ಲೋರೋಮೀಥೇನ್ ಕುದಿಯುವುದು 40 ಡಿಗ್ರಿಯ ಆಸುಪಾಸಿನಲ್ಲಿ. ಹೈದರಾಬಾದಿನ ಮೇ ತಿಂಗಳ ಬಿಸಿಲೇ ಅಷ್ಟಿರುತ್ತದೆ.

ಆದರೂ ಇದು ಎಲ್ಲ ಕಡೆಗೂ ಒಗ್ಗುವ ದ್ರಾವಕವಲ್ಲ. ಪ್ರಬಲ ಪ್ರತ್ಯಾಮ್ಲ ಇದನ್ನು ಒಡೆಯುತ್ತದೆ. ಹೈಡ್ರಜೀನ್, ಕೆಲವು ಅಮೀನುಗಳು ಇದರೊಂದಿಗೇ ವರ್ತಿಸಿ ಬೇಡದ ಅಸಿಟೈಲ್ ಕಲ್ಮಶ ತರುತ್ತವೆ. ಅಂಥ ಕಡೆ ಹಸಿರು (ಪರಿಸರಸ್ನೇಹಿ) ದ್ರಾವಕವೆಂಬ ಒಂದೇ ಕಾರಣಕ್ಕೆ ಇದನ್ನು ಹಿಡಿದುಕೊಂಡು ಕೂತರೆ ಬ್ಯಾಚು ಕೆಡುತ್ತದೆ. ಹಸಿರೆಂಬ ಮಾತಿನಲ್ಲಿಯೂ ಅರ್ಧವೇ ಸತ್ಯ: ಎಥನಾಲ್ ಕಬ್ಬಿನ ಕಾಕಂಬಿಯಿಂದ ಬರಬಹುದು, ಆದರೆ ಅಸಿಟಿಕ್ ಆಮ್ಲದ ಬಹುಪಾಲಿನ ಮೂಲ ಕಲ್ಲಿದ್ದಲು ಇಲ್ಲವೇ ನೈಸರ್ಗಿಕ ಅನಿಲ.

ಎಲ್ಲಕ್ಕಿಂತ ದೊಡ್ಡ ಅವಗುಣ ಬೆಂಕಿ. ಇದರ ಫ್ಲ್ಯಾಶ್ ಪಾಯಿಂಟ್ ಮೈನಸ್ 4 ಡಿಗ್ರಿ. ಅಂದರೆ ನಾಚಾರಂನ ಚಳಿಗಾಲದ ನಸುಕಿನಲ್ಲೂ ಇದರ ಆವಿ ಕಿಡಿ ತಾಗಿದರೆ ಹತ್ತಿಕೊಳ್ಳುತ್ತದೆ. ಗಾಳಿಗಿಂತ ಮೂರು ಪಟ್ಟು ಭಾರವಾದ ಆ ಆವಿ ನೆಲ ಹಿಡಿದು ಹರಿದು, ದೂರದ ಸ್ವಿಚ್ಚಿನವರೆಗೂ ತಲುಪೀತು. ವಾಸನೆ ಹಿತವಾಗಿರುವುದರಿಂದ ಜನ ಅದಕ್ಕೆ ಬೇಗ ಒಗ್ಗಿಹೋಗುತ್ತಾರೆ, ಅಪಾಯ ಗಮನಕ್ಕೇ ಬರುವುದಿಲ್ಲ. ಡ್ರಮ್ಮಿನಿಂದ ಸುರಿಯುವಾಗ ಎರಡೂ ಪಾತ್ರೆಗಳಿಗೆ ಅರ್ಥಿಂಗ್ ತಂತಿ ಕಟ್ಟುವುದು, ನೆಲಮಟ್ಟದಲ್ಲಿ ಆವಿ ಹೊರಹೋಗಲು ವ್ಯವಸ್ಥೆ ಮಾಡುವುದು ಡೈಕ್ಲೋರೋಮೀಥೇನ್ ಬಿಟ್ಟು ಇದಕ್ಕೆ ಬರುವ ಬದಲಾವಣೆಯ ಖರ್ಚಿನಲ್ಲೇ ಸೇರಬೇಕು.