ನಿವೃತ್ತ ಹೇಂಟೆಗೊಂದು ಹಿತ್ತಲು

ಬ್ರಿಟನ್ನಿನ ಮೊಟ್ಟೆ ಫಾರಂಗಳಲ್ಲಿ ಹೇಂಟೆಯ ಸೇವೆ ಮುಗಿಯುವುದು ಸುಮಾರು 72 ವಾರದ ವಯಸ್ಸಿಗೆ. ಈಚಿನ ತಳಿಗಳಾದರೆ ಇನ್ನು ಕೆಲವು ತಿಂಗಳು ಹೆಚ್ಚು. ಅಷ್ಟರೊಳಗೆ ಅದು ಮುನ್ನೂರಕ್ಕೂ ಮೀರಿ ಮೊಟ್ಟೆ ಇಟ್ಟಿರುತ್ತದೆ. ಆಮೇಲೂ ಇಡುತ್ತದೆ, ಆದರೆ ನಡುನಡುವೆ ಬಿಡುವು, ಚಿಪ್ಪೂ ತೆಳು. ಮಾಲೀಕನಿಗೆ ಲೆಕ್ಕ ಕೂಡುವುದಿಲ್ಲ. ಶೆಡ್ಡು ಖಾಲಿ ಮಾಡಿ, ತೊಳೆದು, ಹೊಸ ತಂಡ ತುಂಬುತ್ತಾನೆ. ಹಳೆಯವು ಕಸಾಯಿಖಾನೆಗೆ.

ಆ ಲಾರಿ ಬರುವ ಮೊದಲು ಕೆಲವು ಫಾರಂಗಳಿಗೆ ಸ್ವಯಂಸೇವಕರು ಹೋಗುತ್ತಾರೆ. ರಾತ್ರೋರಾತ್ರಿ ಬೀಗ ಒಡೆಯುವ ಚಳವಳಿಯಲ್ಲ ಇದು. ಮಾಲೀಕನ ಒಪ್ಪಿಗೆ ಪಡೆದು ಕೋಳಿ ಎತ್ತಿಕೊಂಡು ಬರುವ ಕೆಲಸ. ಇದನ್ನು ದೇಶವ್ಯಾಪಿ ಏರ್ಪಾಡಾಗಿ ಬೆಳೆಸಿದವರಲ್ಲಿ ಮುಖ್ಯರು ಜೇನ್ ಹೋವರ್ತ್. 2005ರಲ್ಲಿ ಡೆವನ್‌ನಲ್ಲಿ ಆಕೆ ಶುರುಮಾಡಿದ ಸಂಸ್ಥೆಯೇ ಇಂದಿನ ಬ್ರಿಟಿಷ್ ಹೆನ್ ವೆಲ್ಫೇರ್ ಟ್ರಸ್ಟ್. ಹತ್ತು ಲಕ್ಷಕ್ಕೂ ಮಿಕ್ಕಿ ಹೇಂಟೆಗಳಿಗೆ ಅದು ಮನೆ ಹುಡುಕಿಕೊಟ್ಟಿದೆ. ರೈತರನ್ನು ಬೈದು ದೂರ ಮಾಡಿಕೊಳ್ಳದೆ ಅವರ ಜೊತೆಗೇ ಕೆಲಸ ಮಾಡಬೇಕೆಂಬುದು ಅದರ ನಿಲುವು. ಹಾಗಿಲ್ಲದಿದ್ದರೆ ಶೆಡ್ಡಿನ ಬಾಗಿಲು ಇಷ್ಟು ಸಲ ತೆರೆಯುತ್ತಲೇ ಇರಲಿಲ್ಲ.

ಹೊಸದಾಗಿ ಕೋಳಿ ತರಲು ಹೊರಟವರ ಮನಸ್ಸಿನಲ್ಲಿ ಸಾಮಾನ್ಯವಾಗಿ ಒಂದೇ ಚಿತ್ರ: ಪುಕ್ಕ ಉದುರಿ ಬೋಳಾದ, ನಡುಗುವ ಕೋಳಿ. ಅಂಥವು ಬರುತ್ತವೆ, ನಿಜ. ಆದರೆ ಯುರೋಪ್ ಒಕ್ಕೂಟದ ನಿಯಮದಂತೆ 2012ರ ಜನವರಿಯಿಂದ ಹಳೆಯ ಬ್ಯಾಟರಿ ಪಂಜರಗಳು ನಿಷಿದ್ಧ. ಅವುಗಳಲ್ಲಿ ಕೋಳಿಯೊಂದಕ್ಕೆ ಸಿಗುತ್ತಿದ್ದ ಜಾಗ 550 ಚದರ ಸೆಂಟಿಮೀಟರ್, ಜೆರಾಕ್ಸ್ ಅಂಗಡಿಯ ಎ-4 ಹಾಳೆಗಿಂತ ಕಡಿಮೆ. ಬದಲಿಗೆ ಬಂದ ದೊಡ್ಡ ಪಂಜರಗಳಲ್ಲಿ 750 ಚದರ ಸೆಂಟಿಮೀಟರ್, ಜೊತೆಗೆ ಮೊಟ್ಟೆ ಇಡಲು ಮರೆ, ಕೂರಲು ಅಡ್ಡಗೋಲು. ಪಂಜರವಿಲ್ಲದ ಶೆಡ್ಡುಗಳಿಂದಲೂ ಹೇಂಟೆಗಳು ಬರುತ್ತವೆ. ಹೀಗಾಗಿ ಪೆಟ್ಟಿಗೆ ತೆರೆದಾಗ ಮೈತುಂಬ ಪುಕ್ಕವಿರುವ, ಚೆನ್ನಾಗಿಯೇ ಕಾಣುವ ಕಂದು ಕೋಳಿಯೊಂದು ಇಣುಕಿದರೆ ನಿರಾಶರಾಗಬೇಕಿಲ್ಲ. ಅದರ ತೊಂದರೆ ಇರುವುದು ಪುಕ್ಕದ ಕೆಳಗೆ.

ತೊಂದರೆ ಎಂದರೆ ಮೂಳೆ. ಒಂದು ಮೊಟ್ಟೆಯ ಚಿಪ್ಪಿಗೆ ಎರಡು ಗ್ರಾಂ ಹತ್ತಿರ ಕ್ಯಾಲ್ಸಿಯಂ ಬೇಕು. ತಿಂದ ಆಹಾರದಲ್ಲಿ ಸಾಲದ್ದನ್ನು ಹೇಂಟೆ ತನ್ನ ಮೂಳೆಯಿಂದಲೇ ಎಳೆದುಕೊಳ್ಳುತ್ತದೆ. ವರ್ಷವಿಡೀ ಹೀಗೆ ದುಡಿದ ಹಕ್ಕಿಯ ಎದೆಮೂಳೆ ಆಗಲೇ ಬಿರುಕು ಬಿಟ್ಟಿರುವುದು ಅಪರೂಪವಲ್ಲ. ಆದ್ದರಿಂದ ಅದನ್ನು ರೆಕ್ಕೆ ಹಿಡಿದೋ ಕಾಲು ಹಿಡಿದೋ ಎತ್ತಬಾರದು. ಎರಡೂ ರೆಕ್ಕೆ ಮೈಗೆ ಒತ್ತಿ, ಕೆಳಗಿನಿಂದ ಕೈ ಕೊಟ್ಟು ಎತ್ತಬೇಕು. ಗೂಡಿನ ಅಡ್ಡಗೋಲು ನೆಲದಿಂದ ಒಂದು ಗೇಣು ಮೇಲಿದ್ದರೆ ಸಾಕು. ಎತ್ತರದಿಂದ ಧುಮುಕುವ ಅಭ್ಯಾಸ ಆ ಕಾಲುಗಳಿಗಿಲ್ಲ.

ಮನೆಗೆ ತಂದ ದಿನ ಮಾಡಬೇಕಾದ್ದು ಬಹಳ ಕಡಿಮೆ, ಉತ್ಸಾಹಿಗಳಿಗೆ ಕಷ್ಟವಾಗುವುದೂ ಅದೇ. ಗಾಳಿಯಾಡುವ ರಟ್ಟಿನ ಪೆಟ್ಟಿಗೆ ಅಥವಾ ಬೆಕ್ಕು ಸಾಗಿಸುವ ಬುಟ್ಟಿ, ಅಡಿಗೆ ಒಣಹುಲ್ಲು. ಕಾರಿನಲ್ಲಿ ಸೆಕೆಯಾಗದಂತೆ ನೋಡಿಕೊಂಡರೆ ಪ್ರಯಾಣ ಮುಗಿಯಿತು. ಬಂದವನ್ನು ವಿಶಾಲ ಹುಲ್ಲುಹಾಸಿನ ಮೇಲೆ ಬಿಟ್ಟು ಫೋಟೊ ತೆಗೆಯುವುದಲ್ಲ. ಗೂಡು ಮತ್ತು ಅದಕ್ಕೆ ಅಂಟಿದ ಬಲೆಯಂಗಳದೊಳಗೆ ಬಿಟ್ಟು, ಕಣ್ಣೆದುರೇ ನೀರು, ಮೇವು ಇಟ್ಟು, ಆಚೆ ಸರಿಯುವುದು. ಮೊದಲ ಒಂದು ವಾರವಾದರೂ ಅಷ್ಟೇ ಅವುಗಳ ಲೋಕ. ಶೆಡ್ಡಿನಲ್ಲಿ ಕೊಳವೆಯ ನಿಪ್ಪಲ್‌ನಿಂದ ತೊಟ್ಟಿಕ್ಕುವ ನೀರು ಕುಡಿದ ಹೇಂಟೆಗೆ ಬಟ್ಟಲಿನ ನೀರು ಹೊಸದು. ಒಂದು ಕಲಿತರೆ ಉಳಿದವು ನೋಡಿ ಕಲಿಯುತ್ತವೆ. ಮೂರಕ್ಕಿಂತ ಕಡಿಮೆ ತರಬಾರದು ಎಂದು ಅನುಭವಸ್ಥರು ಹೇಳುವುದಕ್ಕೆ ಇದೂ ಒಂದು ಕಾರಣ.

ಸಂಜೆಗೆ ನಿಜವಾದ ಪರೀಕ್ಷೆ. ಹೊತ್ತು ಮುಳುಗುವಾಗ ಕೋಳಿ ತಾನಾಗಿ ಗೂಡಿಗೆ ಬರುತ್ತದೆ, ಮಂಕರಿ ಕವುಚಿದರೆ ಆಯಿತು ಎಂಬುದು ನಮ್ಮ ಹಳ್ಳಿಗಳ ಅನುಭವ. ಫಾರಂ ಹೇಂಟೆ ಹೊತ್ತು ಮುಳುಗುವುದನ್ನೇ ಕಂಡಿರುವುದಿಲ್ಲ. ದಿನಕ್ಕೆ ಹದಿನಾರು ಗಂಟೆ ಉರಿದು ಆರುವ ದೀಪವೇ ಅದರ ಸೂರ್ಯ. ಕತ್ತಲು ಕವಿದಂತೆ ಅಂಗಳದ ಮೂಲೆಯಲ್ಲಿ ಒಂದರ ಮೇಲೊಂದು ಒತ್ತಿಕೊಂಡು ಕೂತುಬಿಡುತ್ತವೆ. ಒಂದೊಂದನ್ನೇ ಎತ್ತಿ ಗೂಡಿನೊಳಗೆ ಇಡಬೇಕು. ನಾಲ್ಕಾರು ರಾತ್ರಿ ಈ ಕೆಲಸ ಬೇಸರವಿಲ್ಲದೆ ಮಾಡಿದರೆ ದಾರಿ ತಾನೇ ಗೊತ್ತಾಗುತ್ತದೆ.

ಮೇವಿನ ವಿಚಾರದಲ್ಲಿ ದೊಡ್ಡ ಮನಸ್ಸು ಬೇಡ. ಅವು ತಿಂದು ಬೆಳೆದದ್ದು ಪುಡಿಪುಡಿಯಾದ ಲೇಯರ್ ಮ್ಯಾಶ್, ಅದನ್ನೇ ಮುಂದುವರಿಸಬೇಕು. ಮರಿಯಿದ್ದಾಗಲೇ ಕೊಕ್ಕಿನ ತುದಿ ತೆಗೆದಿರುವುದರಿಂದ ಉದುರಿದ ಕಾಳನ್ನು ನೆಲದಿಂದ ಹೆಕ್ಕುವುದು ಕೆಲವಕ್ಕೆ ಪ್ರಯಾಸ, ಆಳವಾದ ಪಾತ್ರೆ ಒಳ್ಳೆಯದು. ಪಕ್ಕದಲ್ಲಿ ಸಿಂಪಿಯ ಚಿಪ್ಪಿನ ಚೂರು ಇರಲಿ. ಇಲ್ಲಿ ಕನ್ನಡದ ಓದುಗರು ನಂಬಲಾರದ ಕಾನೂನೊಂದಿದೆ. ಬ್ರಿಟನ್ನಿನಲ್ಲಿ ಅಡುಗೆಮನೆಯನ್ನು ಹೊಕ್ಕು ಬಂದ ಯಾವುದನ್ನೂ, ಉಳಿದ ಅನ್ನವಿರಲಿ, ಕೋಸಿನ ಹೊರ ಎಲೆಯನ್ನೂ ಕೋಳಿಗೆ ಹಾಕುವಂತಿಲ್ಲ. ಸಾಕಿದ್ದು ಮೂರೇ ಆಗಿರಲಿ, ಅವು ಮುದ್ದಿಗೆ ಸಾಕಿದವೇ ಆಗಿರಲಿ, ನಿಯಮ ಒಂದೇ. ಪ್ರಾಣಿಜನ್ಯ ಪದಾರ್ಥವೇ ಇಲ್ಲದ ವೀಗನ್ ಮನೆಗಷ್ಟೇ ವಿನಾಯಿತಿ. ಮಾಂಸದ ಅಂಶದ ಮೂಲಕ ರೋಗ ಹರಡೀತೆಂಬ ಭಯ ಇದರ ಹಿಂದಿದೆ. ಹಿತ್ತಲಿನ ಕೈತೋಟದಿಂದ ನೇರವಾಗಿ ಕಿತ್ತು ಹಾಕಿದರೆ ತಪ್ಪಿಲ್ಲ! ಹಕ್ಕಿಜ್ವರದ ಕಾರಣಕ್ಕೆ ಇನ್ನೊಂದು ನಿಯಮವೂ ಸೇರಿದೆ: 2024ರ ಅಕ್ಟೋಬರ್ 1ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಒಂದೇ ಕೋಳಿ ಸಾಕಿದರೂ ಸರ್ಕಾರದಲ್ಲಿ ನೋಂದಾಯಿಸಲೇಬೇಕು. ಲಂಡನ್ನಿನ ಹೊರವಲಯದ ಮನೆಗಳಲ್ಲಿ ಹಿತ್ತಲಿಗೊಂದು ಗೂಡು ತರಿಸುವ ಯೋಚನೆಯಲ್ಲಿರುವ ಕನ್ನಡಿಗರಿಗೂ ಇದು ಅನ್ವಯ.

ಮೂರನೆಯ ದಿನದ ಹೊತ್ತಿಗೆ ಜಗಳ ಶುರು. ಯಾರು ಮೊದಲು ತಿನ್ನಬೇಕು, ಯಾರು ಎಲ್ಲಿ ಕೂರಬೇಕು ಎಂಬ ತೀರ್ಮಾನ ಕೊಕ್ಕಿನಿಂದಲೇ ಆಗಬೇಕು, ಆಗಲಿ. ನಡುವೆ ಹೋಗಿ ಬಿಡಿಸಿದರೆ ನಾಳೆ ಮತ್ತೆ ಮೊದಲಿನಿಂದ. ಮೇವಿನ ಪಾತ್ರೆ, ನೀರಿನ ಪಾತ್ರೆ ಎರಡೆರಡು ಮಾಡಿ ದೂರದೂರ ಇಟ್ಟರೆ ಅರ್ಧ ಜಗಳ ಇಳಿಯುತ್ತದೆ. ರಕ್ತ ಕಂಡರೆ ಮಾತ್ರ ಕೂಡಲೇ ಬೇರೆ ಮಾಡಬೇಕು. ಕೆಂಪು ಕಂಡಲ್ಲಿ ಉಳಿದವೆಲ್ಲ ಕುಟುಕುತ್ತವೆ. ಮನೆಯಲ್ಲಿ ಮೊದಲೇ ಕೋಳಿಗಳಿದ್ದರೆ ಒಂದೆರಡು ವಾರ ನಡುವೆ ಬಲೆ ಇರಲಿ. ಫಾರಂ ಹೇಂಟೆ ಲಸಿಕೆ ಹಾಕಿಸಿಕೊಂಡು ಬಂದದ್ದು, ತಾನು ಗಟ್ಟಿಮುಟ್ಟಾಗಿದ್ದೇ ಹಳೆಯ ಕೋಳಿಗಳಿಗೆ ಕೆಮ್ಮು, ನೆಗಡಿ ಹಚ್ಚಬಲ್ಲದು.

ಆಮೇಲೊಂದು ಬಿಸಿಲಿನ ದಿನ ಹೇಂಟೆಯೊಂದು ಒಂದು ಪಕ್ಕಕ್ಕೆ ಒರಗಿ, ರೆಕ್ಕೆ ಚಾಚಿ, ಕಣ್ಣು ಅರೆಮುಚ್ಚಿ ಬಿದ್ದಿರುತ್ತದೆ. ಸತ್ತೇ ಹೋಯಿತೆಂದು ಹೊಸಬರು ಓಡಿಬರುತ್ತಾರೆ. ಅದು ಬಿಸಿಲು ಕಾಯಿಸಿಕೊಳ್ಳುತ್ತಿದೆ, ಹುಟ್ಟಿದಮೇಲೆ ಬಹುಶಃ ಮೊದಲ ಸಲ. ಒಣಮಣ್ಣು ಸಿಕ್ಕರೆ ಹೊರಳಾಟವೂ ಹಾಗೆಯೇ. ಯಾರೂ ಹೇಳಿಕೊಟ್ಟಿಲ್ಲ, ಆದರೂ ಗೊತ್ತು. ಸೆಕೆಯ ಶೆಡ್ಡಿನಲ್ಲಿ ಬಿಳಿಚಿ ಜೋತುಬಿದ್ದಿದ್ದ ಜುಟ್ಟು ಕೆಲವೇ ವಾರಗಳಲ್ಲಿ ಕುಗ್ಗಿ ಕೆಂಪೇರುತ್ತದೆ. ಪುಕ್ಕ ಮುಳ್ಳುಮುಳ್ಳಾಗಿ ಮೂಡುವಾಗ ಮುಟ್ಟಿಸಿಕೊಳ್ಳುವುದಿಲ್ಲ, ನೋಯುತ್ತದೆ. ಬೋಳು ಕೋಳಿಗೆ ಉಲ್ಲನ್ ಅಂಗಿ ಹೆಣೆದು ತೊಡಿಸುವ ಹುಚ್ಚೊಂದು ಆ ದೇಶದಲ್ಲಿದೆ. ನೋಡಲು ಮುದ್ದು, ಕೋಳಿಗೆ ಉಪದ್ರವ: ಹೊಸ ಪುಕ್ಕಕ್ಕೆ ಅಡ್ಡಿ, ಮೈ ನೇವರಿಸಿಕೊಳ್ಳಲಾಗದು, ಒಳಗೆ ಹೇನಿಗೆ ಬಿಡಾರ.

ಶತ್ರುಗಳು ಎರಡು. ನರಿ ದೊಡ್ಡದು, ಬ್ರಿಟನ್ನಿನ ಪೇಟೆಗಳಲ್ಲೂ ಓಡಾಡುತ್ತದೆ. ತೆಳು ಚಿಕನ್ ಮೆಶ್ ಅದಕ್ಕೆ ಲೆಕ್ಕವಿಲ್ಲ, ವೆಲ್ಡ್ ಮೆಶ್ಶೇ ಬೇಕು. ಇನ್ನೊಂದು ಕೆಂಪು ಉಣ್ಣಿ. ಹಗಲೆಲ್ಲ ಮರದ ಸಂದಿಯಲ್ಲಿ ಅಡಗಿದ್ದು ರಾತ್ರಿ ಬಂದು ರಕ್ತ ಹೀರುತ್ತದೆ. ಬಿಳಿ ಕಾಗದದಿಂದ ಅಡ್ಡಗೋಲಿನ ಅಡಿ ಒರೆಸಿದಾಗ ಕೆಂಪು ಗೀರು ಬಿದ್ದರೆ ಇದೆ ಎಂದರ್ಥ. ತೊಳೆಯಲು ಸುಲಭವೆಂದು ಪ್ಲಾಸ್ಟಿಕ್ ಗೂಡಿಗೆ ಗಿರಾಕಿಗಳು ಹೆಚ್ಚಿದ್ದಾರೆ.

ಇಷ್ಟೆಲ್ಲ ಮಾಡಿದಮೇಲೆ ಎಷ್ಟು ದಿನ? ಕಾಡುಕೋಳಿ ವರ್ಷಕ್ಕೆ ಹತ್ತು ಹದಿನೈದು ಮೊಟ್ಟೆ ಇಡುವ ಹಕ್ಕಿ. ಅದರ ವಂಶದ ಈ ಹೈಬ್ರಿಡ್ಡಿನ ಹೊಟ್ಟೆ ಮುನ್ನೂರರ ಹೊರೆ ಹೊತ್ತಿದೆ. ಮೊಟ್ಟೆಯ ಹಳದಿ ಹೊಟ್ಟೆಯೊಳಗೇ ಚೆಲ್ಲಿ ಸೋಂಕಾಗುವುದು ಇವುಗಳ ಮಾಮೂಲಿ ಸಾವು. ಕೆಲವು ವಾರಗಳಲ್ಲೇ ಹೋಗುವವೂ ಉಂಟು, ಮೂರ್ನಾಲ್ಕು ವರ್ಷ ಕೆದಕಿಕೊಂಡಿರುವವೂ ಉಂಟು. ಮೊಟ್ಟೆಯ ಆಸೆಗೆ ತರುವವರು ಇವನ್ನು ತರಬಾರದು.

ಇನ್ನು ನಮ್ಮ ಕರ್ನಾಟಕದ ಪಂಜರಗಳಲ್ಲಿ ಹೆಚ್ಚಾಗಿ ಇರುವುದು ಕಂದು ಹೇಂಟೆಯಲ್ಲ, ಬಿವಿ-300ರಂಥ ಬಿಳಿ ಲೆಗಾರ್ನ್ ತಳಿ. ಮೊಟ್ಟೆ ತಗ್ಗಿದ ಲೇಯರ್ ಕೋಳಿ ಇಲ್ಲಿ ಮಾಂಸದ ಅಂಗಡಿಗೇ ಹೋಗುತ್ತದೆ. ಕೇಂದ್ರ ಸರ್ಕಾರದ 2023ರ ನಿಯಮ ಕೋಳಿಯೊಂದಕ್ಕೆ ಕನಿಷ್ಠ 550 ಚದರ ಸೆಂಟಿಮೀಟರ್ ಜಾಗ ಹೇಳುತ್ತದೆ. ಹಳೆಯ ಫಾರಂಗಳಿಗೆ 2030ರ ಜನವರಿ 1ರವರೆಗೆ ಗಡುವು. ಯುರೋಪು 2012ರಲ್ಲಿ ಕೈಬಿಟ್ಟ ಅಳತೆ ಅದು. ಅಂಥ ಒಂದು ಫಾರಂನಿಂದ ಮೂರು ಬಿಳಿ ಹೇಂಟೆ ಕೇಳಿ ತರುವ ಮನಸ್ಸಾದವರು ಯಾವ ಲಸಿಕೆ, ಎಂದು ಹಾಕಿದ್ದೆಂದು ಮೊದಲು ಬರೆಸಿಕೊಳ್ಳಲಿ. ಕೊಕ್ಕರೆ ರೋಗದ ಲಸಿಕೆಯ ಬಗ್ಗೆ ಊರಿನ ಪಶುವೈದ್ಯರನ್ನು ವಿಚಾರಿಸಲಿ. ನರಿಯ ಬದಲು ಮುಂಗುಸಿಯನ್ನೂ ಬೀದಿನಾಯಿಯನ್ನೂ ನೆನೆದು, ಕೋಳಿ ಬರುವ ಹಿಂದಿನ ದಿನವೇ ಬಲೆ ಬಿಗಿದು ಮುಗಿಸಲಿ.