ಖೋಡದ್‌ನ ಜಾಲರಿ

ಪುಣೆಯಿಂದ ಉತ್ತರಕ್ಕೆ ಸುಮಾರು 80 ಕಿಲೋಮೀಟರ್ ಹೋದರೆ ಖೋಡದ್. ಖಗೋಳಶಾಸ್ತ್ರಜ್ಞ ಗೋವಿಂದ ಸ್ವರೂಪ್ ಕಂಡ ಕನಸಾದ ಜಿಎಂಆರ್‌ಟಿ ರೇಡಿಯೋ ದೂರದರ್ಶಕ ಇಲ್ಲಿದೆ: 45 ಮೀಟರ್ ಅಗಲದ 30 ಬಟ್ಟಲುಗಳು. ಹತ್ತಿರದಿಂದ ನೋಡಿ, ತಗಡೇ ಇಲ್ಲ! ಅರ್ಧ ಮಿಲಿಮೀಟರ್ ದಪ್ಪದ ಉಕ್ಕಿನ ತಂತಿಯ ಜಾಲರಿ. ಗಾಳಿ ಸಲೀಸಾಗಿ ತೂರಿಹೋಗುತ್ತದೆ. ರೇಡಿಯೋ ಅಲೆ ಮಾತ್ರ ಕನ್ನಡಿಗೆ ತಾಗಿದಂತೆ ಮರಳುತ್ತದೆ.

ಸತ್ತ ನಕ್ಷತ್ರದ ಪೂರ್ವಾಪರವನ್ನು ಈ ಜಾಲರಿ ವಿಚಾರಿಸುವ ಬಗೆಗೆ ನಾನು ಮನಸೋತಿದ್ದೇನೆ. ದೈತ್ಯ ನಕ್ಷತ್ರ ಸಿಡಿಯುವ ಮೊದಲು ಸಾವಿರಾರು ವರ್ಷ ತನ್ನ ಮೈಯ ಅನಿಲವನ್ನು ಸುತ್ತಲೂ ಚೆಲ್ಲಿರುತ್ತದೆ, ಸೆಕೆಂಡಿಗೆ ಹತ್ತಾರು ಕಿಲೋಮೀಟರ್ ವೇಗದಲ್ಲಿ. ಸ್ಫೋಟದ ಆಘಾತ ಅದರ ನೂರಾರು ಪಟ್ಟು ವೇಗದಲ್ಲಿ ಬೆನ್ನಟ್ಟಿ ಗುದ್ದುತ್ತದೆ; ರೇಡಿಯೋ ಅಲೆ ಹೊಮ್ಮುತ್ತದೆ. ಹಾಗಾಗಿ ಒಂದೇ ವರ್ಷ ಆಲಿಸಿದರೂ ನಕ್ಷತ್ರ ಶತಮಾನಗಳ ಹಿಂದೆ ಉದುರಿಸಿದ ಅನಿಲದ ಲೆಕ್ಕ ಸಿಗುತ್ತದೆ! ಕಡಿಮೆ ಕಂಪನಾಂಕದ ಅಲೆಯನ್ನು ದಟ್ಟ ಅನಿಲ ಮೊದಲು ಹೀರಿಕೊಳ್ಳುವುದರಿಂದ ಅದು ತಡವಾಗಿ ಕಾಣಿಸಿಕೊಳ್ಳುತ್ತದೆ. ಎಷ್ಟು ತಡವೋ ಅನಿಲ ಅಷ್ಟು ದಟ್ಟ. ಆ ತಡವಾದ ದನಿಗೇ ಜಿಎಂಆರ್‌ಟಿಯ ಕಿವಿ.

ಇಂಥದೇ ಸ್ಫೋಟ, ಎಂ81 ಗೆಲಾಕ್ಸಿಯ ಸೂಪರ್‌ನೋವಾ 1993ಜೆ ನೋಡಿ. ಸ್ಫೋಟಕ್ಕೆ ಮುಂಚಿನ ಚಿತ್ರಗಳಲ್ಲೇ ಅದರ ಮೂಲ ನಕ್ಷತ್ರ ಸಿಕ್ಕಿತ್ತು, ಒಂದು ಮಹಾದೈತ್ಯ. ವರ್ಷಗಳ ನಂತರವೂ ಖಗೋಳಶಾಸ್ತ್ರಜ್ಞೆ ಪೂನಂ ಚಂದ್ರ ಮತ್ತು ಸಂಗಡಿಗರು ಖೋಡದ್‌ನಿಂದ ಅದರ ಕ್ಷೀಣ ಅಲೆಗಳನ್ನು ಅಳೆದರು. ಒಂದು ಕೋಟಿ ವರ್ಷಕ್ಕೂ ಮಿಕ್ಕಿ ಪಯಣಿಸಿದ ಅಲೆಗಳು, ಬಂದಿಳಿದದ್ದು ಈ ತೆಳು ತಂತಿಯ ಮೇಲೆ.