ಮೂಲ ಮತ್ತು ಪ್ರತಿ: ಶಿರಾ–ಮಧುಗಿರಿ ಸೀಮೆಯ ಸ್ಮಾರಕ ಸಂರಕ್ಷಣೆಯನ್ನು ಕುರಿತು

ಬೆಂಗಳೂರಿನ ಪಾರಂಪರಿಕ ತಾಣಗಳನ್ನು ಹೆಸರಿಸುವಾಗ ಲಾಲ್‌ಬಾಗ್ ತೋಟವೂ ಟಿಪ್ಪುವಿನ ಬೇಸಿಗೆ ಅರಮನೆಯೂ ಮೊದಲ ಸಾಲಿನಲ್ಲಿಯೇ ಬರುತ್ತವೆ. ಇವೆರಡರ ಮೂಲವನ್ನು ಅರಸಿ ಹೊರಟ ಸಂಶೋಧಕನು ತಲುಪುವುದು ಮಾತ್ರ ಅಲ್ಲಿಂದ ಸುಮಾರು 120 ಕಿ.ಮೀ. ದೂರದ ಶಿರಾ ಪಟ್ಟಣವನ್ನು. ಶಿರಾದ ಸುಬೇದಾರನಾಗಿದ್ದ ದಿಲಾವರ್ ಖಾನನ ಅರಮನೆಯ ಮಾದರಿಯಲ್ಲಿಯೇ ಹೈದರ್ ಮತ್ತು ಟಿಪ್ಪು ಬೆಂಗಳೂರು, ಶ್ರೀರಂಗಪಟ್ಟಣಗಳಲ್ಲಿ ಅರಮನೆಗಳನ್ನು ಕಟ್ಟಿಸಿದರೆಂದು ಬಿ.ಎಲ್. ರೈಸ್ ಅವರು ಮೈಸೂರು ಗ್ಯಾಸೆಟಿಯರ್‌ನಲ್ಲಿ ದಾಖಲಿಸಿದ್ದಾರೆ. ಅಲ್ಲಿನ ಖಾನ್ ಬಾಗ್ ಉದ್ಯಾನವು ಲಾಲ್‌ಬಾಗಿನ ಕಲ್ಪನೆಗೆ ಪ್ರೇರಣೆಯಾಗಿದ್ದಿರಬಹುದೆಂದೂ ಅವರು ಸೂಚಿಸುತ್ತಾರೆ. ಇವುಗಳಲ್ಲಿ ಮೊದಲನೆಯದು ನಿಶ್ಚಯದ ಮಾತು. ಎರಡನೆಯದು ಕೇವಲ ಊಹೆ. ಅನಂತರದ ಜನಪ್ರಿಯ ಬರವಣಿಗೆಯಲ್ಲಿ ಈ ಅಂತರ ಬಹುಮಟ್ಟಿಗೆ ಅಳಿಸಿಹೋಗಿದೆ. ಊಹೆಯನ್ನು ಪರೀಕ್ಷಿಸಬೇಕಾದರೆ ಮೂಲ ಉಳಿದಿರಬೇಕು. ಪ್ರತಿಗಳು ಮಹಾನಗರದ ಆರೈಕೆಯಲ್ಲಿ ಸುರಕ್ಷಿತವಾಗಿವೆ. ಮೂಲದ ಅರಮನೆ ಇಲ್ಲವಾಗಿದೆ. ಪ್ರಸ್ತುತ ಲೇಖನದ ಆಕ್ಷೇಪವಿರುವುದು ಇಲ್ಲಿಯೇ.

ಶಿರಾದ ಅವನತಿಗೆ ಕಾಲವೊಂದೇ ಕಾರಣವಲ್ಲ. ಬಿಜಾಪುರದ ಆಡಳಿತದಲ್ಲಿ ಬೆಳೆದ ಈ ಊರು 1687ರಲ್ಲಿ ಮೊಗಲರ ವಶವಾಗಿ ಏಳು ಪರಗಣಗಳ ಪ್ರಾಂತ್ಯಕ್ಕೆ ರಾಜಧಾನಿಯಾಯಿತು. ಬಸವಾಪಟ್ಟಣ, ಬೂದಿಹಾಳಗಳಿಂದ ಹೊಸಕೋಟೆ, ಕೋಲಾರಗಳವರೆಗೆ ಅದರ ಅಧಿಕಾರ ಹಬ್ಬಿತ್ತು. 1761ರಲ್ಲಿ ಹೈದರಾಲಿಗೆ ಬಸಾಲತ್ ಜಂಗನಿಂದ ದೊರೆತದ್ದು 'ಶಿರಾದ ನವಾಬ' ಎಂಬ ಪದವಿಯೇ ಎಂಬುದನ್ನು ನೆನೆದರೆ ಈ ಹೆಸರಿಗಿದ್ದ ತೂಕ ತಿಳಿಯುತ್ತದೆ. ಶ್ರೀರಂಗಪಟ್ಟಣದ ಗಂಜಾಮನ್ನು ತುಂಬಿಸಲು ಟಿಪ್ಪು ಇಲ್ಲಿಂದ 12,000 ಕುಟುಂಬಗಳನ್ನು ಬಲವಂತವಾಗಿ ಸಾಗಿಸಿದನೆಂದು ಅದೇ ಗ್ಯಾಸೆಟಿಯರ್ ಹೇಳುತ್ತದೆ. ಹೀಗೆ ಶೈಲಿಯೂ ಹೋಯಿತು, ಜನರೂ ಹೋದರು. ಉಳಿದವುಗಳಲ್ಲಿ 1651ರ ಮಲಿಕ್ ರಿಹಾನ್ ದರ್ಗಾ ಮತ್ತು 1696ರ ಜುಮ್ಮಾ ಮಸೀದಿ ಮುಖ್ಯವಾದವು. ಇವೆರಡೂ ಕೇಂದ್ರ ಪುರಾತತ್ತ್ವ ಇಲಾಖೆಯ ಸಂರಕ್ಷಿತ ಸ್ಮಾರಕಗಳು.

ತೊಡಕಿರುವುದು 'ಸ್ಮಾರಕ' ಎಂಬ ಪರಿಕಲ್ಪನೆಯಲ್ಲಿಯೇ. 1958ರ ಕೇಂದ್ರ ಕಾಯಿದೆಯಾಗಲಿ 1961ರ ರಾಜ್ಯ ಕಾಯಿದೆಯಾಗಲಿ ನಿವೇಶನ, ಅವಶೇಷ ಎಂಬ ಪದಗಳನ್ನು ಒಳಗೊಂಡಿದ್ದರೂ ಆಚರಣೆಯಲ್ಲಿ ಪಟ್ಟಿಗೆ ಸೇರುವುದು ಬಹುಪಾಲು ನಿಂತಿರುವ ಕಟ್ಟಡವೇ. ಕೇಂದ್ರ ಕಾಯಿದೆಯ 2010ರ ತಿದ್ದುಪಡಿಯು ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯವನ್ನೂ ಅದರಾಚೆಗೆ 200 ಮೀಟರ್ ನಿಯಂತ್ರಿತ ವಲಯವನ್ನೂ ಗೊತ್ತುಪಡಿಸಿತು. ಪಟ್ಟಿಯಲ್ಲಿದ್ದ ಕಟ್ಟಡಗಳಿಗೆ ಇದು ದೊಡ್ಡ ಆಸರೆ. ಪಟ್ಟಿಯಲ್ಲಿಲ್ಲದ್ದಕ್ಕೆ ವಲಯವೆಲ್ಲಿಯದು? ಅರಮನೆಯ ತಳಪಾಯ, ತೋಟದ ಪಾತಿ, ಅದಕ್ಕೆ ನೀರೂಡಿದ ಕಾಲುವೆ, ಹಳೆಯ ಬೀದಿಗಳ ವಿನ್ಯಾಸ ಇವೆಲ್ಲ ಪಟ್ಟಣದ ಸಾಮಾನ್ಯ ನೆಲದಂತೆ ನಿವೇಶನಗಳಾಗಬಲ್ಲವು. ಮಲಿಕ್ ರಿಹಾನನ ಗುಮ್ಮಟವನ್ನು ಉಳಿಸಿ, ಅದಕ್ಕೆ ಅರ್ಥ ಕೊಟ್ಟ ನಗರವನ್ನು ಬಿಟ್ಟುಕೊಡುವುದನ್ನು ಸಂರಕ್ಷಣೆಯೆಂದು ಒಪ್ಪುವುದು ಕಷ್ಟ.

ಮಧುಗಿರಿಯ ಸ್ಥಿತಿ ಇದಕ್ಕಿಂತ ಭಿನ್ನವಾದುದು. ಇಲ್ಲಿ ಸ್ಮಾರಕ ಕಣ್ಣೆದುರಿಗೇ ನಿಂತಿದೆ. ನೋಡುವ ಕ್ರಮ ತಪ್ಪಿದೆ. 'ಏಷ್ಯಾದ ಎರಡನೆಯ ದೊಡ್ಡ ಏಕಶಿಲಾ ಬೆಟ್ಟ' ಎಂಬ ಬಿರುದು ಪ್ರವಾಸಿ ಸಾಹಿತ್ಯದಲ್ಲಿ ನೆಲೆಯೂರಿದೆ. ಎತ್ತರದಿಂದ ಎರಡನೆಯದೋ ವಿಸ್ತಾರದಿಂದಲೋ ಎಂಬ ಪ್ರಶ್ನೆಗೆ ಅಂಥ ಬರೆಹಗಳು ಉತ್ತರಿಸುವುದಿಲ್ಲ. ಸಾವನದುರ್ಗಕ್ಕೂ ಇಂಥದೇ ಹೊಗಳಿಕೆಗಳಿವೆ. ಬಿರುದು ಬಂಡೆಯದಾದಾಗ ಕೋಟೆ ಹಿಂದೆ ಸರಿಯುತ್ತದೆ. ರಜೆಯ ದಿನ ಬೆಂಗಳೂರಿನಿಂದ ಬರುವ ಚಾರಣಿಗರಿಗೆ ಶಿಖರವೇ ಗುರಿ. ಅಂತರಾಳದ ಬಾಗಿಲು, ದಿಡ್ಡಿ ಬಾಗಿಲು, ಮೈಸೂರು ಬಾಗಿಲುಗಳು ದಣಿವಾರಿಸಿಕೊಳ್ಳುವ ನೆರಳಾಗಿಬಿಡುತ್ತವೆ. ವಾಸ್ತವದಲ್ಲಿ ಈ ದುರ್ಗದ ಬಲವಿದ್ದದ್ದು ಬಂಡೆಯ ಎತ್ತರದಲ್ಲಿ ಮಾತ್ರವಲ್ಲ, ಅದರ ನೀರಿನಲ್ಲಿ. ನವಿಲುದೊಣೆ, ಭೀಮನ ದೊಣೆಗಳೆಂಬ ಹೆಸರುಗಳೇ ಇದಕ್ಕೆ ಸಾಕ್ಷಿ. ಮಳೆ ವಿರಳವಾದ ಈ ಸೀಮೆಯಲ್ಲಿ ಮುತ್ತಿಗೆಯನ್ನು ತಾಳಿಕೊಳ್ಳಬೇಕಾದರೆ ದೊಣೆಯೂ ಕಣಜವೂ ಕೊತ್ತಲದಷ್ಟೇ ಮುಖ್ಯ. ದೊಣೆಯ ಹೂಳೆತ್ತುವುದನ್ನೂ ಅದಕ್ಕೆ ಬಂದು ಸೇರುವ ನೀರಿನ ದಾರಿಯನ್ನು ಗುರುತಿಸುವುದನ್ನೂ ಗೋಡೆಯ ದುರಸ್ತಿಗೆ ಸಮನಾದ ಸಂರಕ್ಷಣಾ ಕಾರ್ಯವೆಂದು ಪರಿಗಣಿಸಬೇಕು.

ಬೆಟ್ಟಕ್ಕೆ ಇನ್ನೊಂದು ನೆನಪಿದೆ. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿ ಕೆಳದಿಯ ರಾಣಿ ವೀರಮ್ಮಾಜಿಯನ್ನು ಸೆರೆಯಿಟ್ಟದ್ದು ಇಲ್ಲಿ. 1767ರಲ್ಲಿ ಮರಾಠರು ದುರ್ಗವನ್ನು ಹಿಡಿದಾಗ ಆಕೆಗೆ ಬಿಡುಗಡೆಯಾಯಿತು. ಮಲೆನಾಡಿನ ರಾಜವಂಶವೊಂದರ ಕೊನೆಯ ಅಧ್ಯಾಯ ಬಯಲುಸೀಮೆಯ ಈ ಬಂಡೆಯ ಮೇಲೆ ನಡೆದಿದೆ. ಮೆಟ್ಟಿಲುಗಳ ಎಣಿಕೆಗಿಂತ ಈ ಸಂಗತಿ ನಾಮಫಲಕಕ್ಕೆ ಹೆಚ್ಚು ತಕ್ಕುದು.

ಕೊರಟಗೆರೆ ತಾಲ್ಲೂಕಿನ ಚನ್ನರಾಯನದುರ್ಗ, ಮಧುಗಿರಿಗೆ ಸೇರಿದ ಮಿಡಿಗೇಶಿ ಮತ್ತು ಪಾವಗಡದ ಬೆಟ್ಟಗಳನ್ನು ಬಿಡಿಬಿಡಿಯಾಗಿ ನೋಡುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಪಾಳೆಯಗಾರರು, ಮೈಸೂರು, ಮರಾಠರು ಪರಸ್ಪರ ಕಿತ್ತುಕೊಂಡ ಈ ದುರ್ಗಗಳು ಸೇರಿ ಒಂದು ರಕ್ಷಣಾ ಸರಣಿಯೇ ಆಗುತ್ತದೆ. ಪಾವಗಡ ತಾಲ್ಲೂಕಿನ ನಿಡುಗಲ್ಲು ಇವೆಲ್ಲಕ್ಕಿಂತ ಪ್ರಾಚೀನವಾದುದು. ಚೋಳವಂಶವೆಂದು ಹೇಳಿಕೊಂಡ ನಿಡುಗಲ್ಲಿನ ಅರಸರ ಹಿಂದಿನ ರಾಜಧಾನಿ ಹೆಂಜೇರು, ಅಂದರೆ ಈಗಿನ ಹೇಮಾವತಿ. ಅದು ಇಂದು ಆಂಧ್ರಪ್ರದೇಶದ ಮಡಕಶಿರಾ ಸೀಮೆಯಲ್ಲಿದೆ. ಒಂದೇ ವಂಶದ ಎರಡು ನೆಲೆಗಳು ಎರಡು ರಾಜ್ಯಗಳಿಗೆ ಹಂಚಿಹೋಗಿರುವಾಗ ಶಾಸನಗಳನ್ನು ಓದಿದವರು ಗಡಿಯನ್ನು ದಾಟಿದ್ದಾರೆ, ಸಂರಕ್ಷಣೆಯ ಯೋಜನೆಗಳು ದಾಟಿದಂತೆ ತೋರುವುದಿಲ್ಲ.

ತುಮಕೂರು ಜಿಲ್ಲೆಯ ಶಾಸನಗಳ ಸಂಪುಟವನ್ನು ರೈಸ್ ಅವರು 1904ರಲ್ಲಿ ಹೊರತಂದರು. ಅದರಲ್ಲಿ ಪ್ರತಿ ಶಾಸನಕ್ಕೂ ಅದು ದೊರೆತ ಸ್ಥಳದ ನಿರ್ದೇಶನವಿದೆ: ಗುಡಿಯ ಮುಂದೆ, ಹೊಲದಲ್ಲಿ, ಕೆರೆ ಏರಿಯ ಮೇಲೆ. ಆ ಸಂಪುಟವನ್ನು ಕೈಯಲ್ಲಿ ಹಿಡಿದು ನಾಲ್ಕೂ ತಾಲ್ಲೂಕುಗಳಲ್ಲಿ ಯಾವ ಕಲ್ಲು ಎಲ್ಲಿದೆ, ಯಾವುದು ಸ್ಥಳ ಬದಲಿಸಿದೆ ಎಂದು ಪರಿಶೀಲಿಸಬೇಕಾಗಿದೆ. ಶಿರಾದಲ್ಲಿ ಇದರ ಜೊತೆಗೆ ಕಂದಾಯದ ಹಳೆಯ ನಕ್ಷೆಗಳನ್ನಿಟ್ಟುಕೊಂಡು ಖಾನ್ ಬಾಗಿನ ಎಲ್ಲೆಗಳನ್ನು ನೆಲದ ಮೇಲೆ ಗುರುತಿಸುವ ಕೆಲಸ, ಅಲ್ಲಿ ಮುಂದಿನ ತಳಪಾಯ ಅಗೆಯುವುದಕ್ಕೆ ಮೊದಲು, ಆಗಬೇಕು.